ಮೇಷ್ಟ್ರ ಕಾರಿನ ಜೋಪಾನ

ಕಾರು ಓಡಿಸಿದರೆ ಸವೆಯುತ್ತದೆ ಎಂಬುದು ನಮ್ಮ ಹರಿಯಬ್ಬೆಯ ನಿವೃತ್ತ ವಿಜ್ಞಾನ ಮೇಷ್ಟ್ರ ಸಿದ್ಧಾಂತ. ಇಂಥವರು ಧರ್ಮಪುರದಲ್ಲೂ ಇದ್ದಾರೆ, ಹಿರಿಯೂರಿನಲ್ಲಂತೂ ಬೀದಿಗೊಬ್ಬರು. ಆದ್ದರಿಂದ ಇದು ತಮ್ಮನ್ನೇ ಕುರಿತದ್ದೆಂದು ಯಾರೂ ಮುನಿಸಿಕೊಳ್ಳಬಾರದು.

ಬೆಳಿಗ್ಗೆ ಕವರು ತೆಗೆದು, ಬಾನೆಟ್ಟಿಗೆ ಕೈಮುಗಿದು ಸ್ಟಾರ್ಟ್ ಮಾಡುತ್ತಾರೆ. ಎರಡು ನಿಮಿಷ ಗುರ್ರೆನ್ನಿಸಿ ಆಫ್. "ಇಂಜಿನ್ನಿಗೆ ವ್ಯಾಯಾಮ ಕಣಪ್ಪ" ಎಂದು ಮತ್ತೆ ಕವರು ಹೊದಿಸುತ್ತಾರೆ. ವಾರಕ್ಕೊಮ್ಮೆ ಬಸ್ ಸ್ಟ್ಯಾಂಡಿನವರೆಗೆ ಸವಾರಿ, ಅದೂ ಫಸ್ಟ್ ಗೇರಿನಲ್ಲಿ. ಬ್ಯಾಟರಿ ಕೈಕೊಟ್ಟ ದಿನ ಹಾದಿಯಲ್ಲಿ ಸಿಕ್ಕ ಹಳೇ ಶಿಷ್ಯರೆಲ್ಲ ಕಾರು ತಳ್ಳಿ ಗುರುದಕ್ಷಿಣೆ ಸಲ್ಲಿಸಬೇಕು.

ಹೀಗಿರುವಾಗ ಕಾರಿನ ಪಿಕಪ್ ಹೋಯಿತು. ಆಕ್ಸಿಲರೇಟರ್ ಎಷ್ಟು ತುಳಿದರೂ ದಿಬ್ಬ ಹತ್ತದು. ಮೀಟರಿನಲ್ಲಿ ಹಳದಿ ದೀಪ ಉರಿದು ತಿಂಗಳುಗಳೇ ಆಗಿದ್ದವು. "ಹಳದಿ ಮಂಗಳಕರ. ಕೆಂಪಾಗಿದ್ದರೆ ಯೋಚನೆ ಮಾಡಬೇಕಿತ್ತು" ಎಂದಿದ್ದರು ಮೇಷ್ಟ್ರು.

ಹಿರಿಯೂರಿನ ಮೆಕ್ಯಾನಿಕ್ ಅವರ ಶಿಷ್ಯನೇ. ಹತ್ತನೇ ಕ್ಲಾಸಿನಲ್ಲಿ ವಿಜ್ಞಾನಕ್ಕೇ ಡುಮ್ಕಿ ಹೊಡೆದವನು. ಕಾರಿನಡಿ ತೂರಿ ಎದ್ದುಬಂದು, "ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿದೆ ಸಾರ್" ಎಂದ. ಮೇಷ್ಟ್ರು ಕೆರಳಿದರು. "ಕ್ರಿಯಾವರ್ಧಕ ಅಂದರೆ ಏನೋ? ತಾನು ಖರ್ಚಾಗದೆ ಕ್ರಿಯೆಯ ವೇಗ ಹೆಚ್ಚಿಸುವ ವಸ್ತು! ಅದು ಹೆಂಗೋ ಕೆಡುತ್ತೆ?"

"ಖರ್ಚೇನೂ ಆಗಲ್ಲ ಸಾರ್. ಮಸಿ ಮೆತ್ಕಂಡು ತೂತು ಮುಚ್ಕಂತಾವೆ."

ಡುಮ್ಕಿ ಹೊಡೆದವನ ಉತ್ತರವೇ ಸರಿ. ಸೈಲೆನ್ಸರ್ ಪೈಪಿನ ಆ ಡಬ್ಬಿಯೊಳಗೆ ಜೇನುಹುಟ್ಟಿನಂಥ ಸೆರಾಮಿಕ್ ಗೂಡು. ಅದರ ಗೋಡೆಗಳಿಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪ. ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡ್, ಸುಡದ ಪೆಟ್ರೋಲ್, ನೈಟ್ರೋಜನ್ ಆಕ್ಸೈಡುಗಳು ಅಲ್ಲಿ ಕಾರ್ಬನ್ ಡೈಆಕ್ಸೈಡ್, ನೀರು, ನೈಟ್ರೋಜನ್ ಆಗಿ ಹೊರಬೀಳುತ್ತವೆ. 1995ರಲ್ಲಿ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಇದು ಕಡ್ಡಾಯವಾದಾಗ ಸೀಸವಿಲ್ಲದ ಪೆಟ್ರೋಲನ್ನೂ ತಂದರು. ಸೀಸ ತಗುಲಿದರೆ ಲೇಪ ನಿಷ್ಪ್ರಯೋಜಕ. ಆದರೆ ಡಬ್ಬಿ ಸುಮಾರು 250–300 ಡಿಗ್ರಿ ಸೆಲ್ಸಿಯಸ್ ಕಾಯುವವರೆಗೆ ಕೆಲಸಕ್ಕೇ ಇಳಿಯುವುದಿಲ್ಲ. ಎರಡು ನಿಮಿಷದ ವ್ಯಾಯಾಮದಲ್ಲಿ ಅದು ಎಲ್ಲಿ ಕಾದೀತು?

"ತಳ್ಳಿಸಿ ಸ್ಟಾರ್ಟ್ ಮಾಡಿಸ್ಬೇಡಿ ಸಾರ್, ಹಸಿ ಪೆಟ್ರೋಲ್ ಒಳಗೋಗಿ ಗೂಡೇ ಕರಗುತ್ತೆ. ಪ್ಲಗ್ ಮಿಸ್ ಹೊಡೆದ್ರೂ ಅಷ್ಟೇ. ಇಂಜಿನ್ ಆಯಿಲ್ ಕುಡೀತಿದ್ರೆ ಮೊದ್ಲು ಅದನ್ನ ರಿಪೇರಿ ಮಾಡ್ಸಿ." ಮೇಷ್ಟ್ರು ಮೊದಲ ಬಾರಿಗೆ ನೋಟ್ಸ್ ಬರೆದುಕೊಂಡರು.

ಪುಣ್ಯಕ್ಕೆ ಗೂಡು ಕರಗಿರಲಿಲ್ಲ. ಕರಗಿದ್ದರೆ ಹೊಸದೇ ಹಾಕಿಸಬೇಕಿತ್ತು; ಆ ಲೋಹಗಳ ಬೆಲೆಗೆ ಮೇಷ್ಟ್ರ ಪಿಂಚಣಿಯೂ ಕರಗುತ್ತಿತ್ತು. ಹುಡುಗ ಪ್ಲಗ್ ಬದಲಿಸಿ, ಪಕ್ಕದಲ್ಲಿ ಕೂತು, ಹೆದ್ದಾರಿಯಲ್ಲಿ ಸುಮಾರು 40 ಕಿ.ಮೀ. ದೂರದ ಚಿತ್ರದುರ್ಗಕ್ಕೆ ಮೇಷ್ಟ್ರ ಕೈಯಲ್ಲೇ ಕಾರು ಓಡಿಸಿದ. ಟಾಪ್ ಗೇರ್ ಹಾಕಿದಾಗ ಮೇಷ್ಟ್ರು ಕಣ್ಣು ಮುಚ್ಚಿಕೊಂಡರಂತೆ, ಸ್ಟೇರಿಂಗ್ ಹಿಡಿದವರೂ ಅವರೇ. ಕಾವಿಗೆ ಮಸಿ ಸುಟ್ಟು, ಪಿಕಪ್ ಬಂತು.

ಊರಿಗೆ ಬಂದವರು ಕಾದ ಕಾರನ್ನು ಕಣದಲ್ಲಿ ಹರಡಿದ್ದ ಒಣ ಶೇಂಗಾ ಹೊಟ್ಟಿನ ಮೇಲೆ ನಿಲ್ಲಿಸಹೊರಟರು. ಹೊಟ್ಟಿಗೆ ಬೆಂಕಿ ತಗುಲಲು ಆ ಡಬ್ಬಿಯ ಕಾವೇ ಸಾಕು. ಹೆಂಡತಿ ಕೂಗಿ ತಡೆದರು. ಸುಗ್ಗಿಯಲ್ಲಿ ರಸ್ತೆಗೆ ಹುರುಳಿ, ರಾಗಿ ಹರಡುವ ನಮ್ಮ ಸೀಮೆಯವರು ಇದನ್ನು ನೆನಪಿಡುವುದು ಒಳ್ಳೆಯದು.

ಈಗ ಮೇಷ್ಟ್ರು ಪ್ರತಿ ಭಾನುವಾರ ಚಿತ್ರದುರ್ಗಕ್ಕೆ ಹೋಗಿಬರುತ್ತಾರೆ. ಕೆಲಸವೇನೂ ಇಲ್ಲ, ಡಬ್ಬಿ ಕಾಯಿಸಲು. ಆ ಕಡೆ ಹೋಗುವವರಿದ್ದರೆ ಹೇಳಿ, ಮೂರು ಸೀಟು ಖಾಲಿ ಇವೆ. ಚಪ್ಪಲಿ ಮಾತ್ರ ಕೈಯಲ್ಲಿ ಹಿಡಿದು ಹತ್ತಬೇಕು.