ಬಾಯಿಗೊಂದು, ಪೆನ್ನಿಗೊಂದು

ಹೊನ್ನಾವರದಿಂದ ಕುಮಟಾಕ್ಕೆ ದಿನಾ ಬಸ್ಸಲ್ಲಿ ಕಾಲೇಜಿಗೆ ಹೋಗುವವ ನಾನು. ಮನೆಯಲ್ಲಿ ಹವ್ಯಕರ ‘ಬತ್ತಿಲ್ಲೆ’, ಪೇಟೆಯಲ್ಲಿ ಕೊಂಕಣಿಯ ‘ಕಸಲೆ’, ಪಕ್ಕದ ಸೀಟಿನ ಭಟ್ಕಳದ ಗೆಳೆಯನ ಫೋನಲ್ಲಿ ನವಾಯತಿ. ಅದರ ಬರವಣಿಗೆ ಬಲದಿಂದ ಎಡಕ್ಕೆ, ಪರ್ಶಿಯನ್ ಲಿಪಿಯಲ್ಲಿ. ಒಮ್ಮೆ ಅವನು ಅದರಲ್ಲಿ ನನ್ನ ಹೆಸರು ಬರೆದುಕೊಡುತ್ತಿದ್ದ. ಹಳದೀಪುರದ ಹತ್ತಿರ ಬಸ್ಸು ಹೊಂಡಕ್ಕೆ ಹಾರಿ ಒಂದು ಚುಕ್ಕೆ ಹೆಚ್ಚು ಬಿತ್ತು. ‘ಮಾರಾಯ, ಈಗ ನೀನು ಬೇರೆ ಯಾರೋ’ ಎಂದ.

ಕನ್ನಡ ಪರೀಕ್ಷೆಯ ಪ್ರಬಂಧದಲ್ಲಿ ‘ಮಳೆ ಹೊಯ್ತಾ ಇತ್ತು’ ಎಂದು ಬರೆದೆ. ಕೆಂಪು ಶಾಯಿ ಅದನ್ನು ‘ವರ್ಷಧಾರೆ ಸುರಿಯುತ್ತಿತ್ತು’ ಮಾಡಿತು. ಜೂನ್ ತಿಂಗಳಲ್ಲಿ ಹಂಚು ಒಡೆಯುವಂತೆ ಹೊಯ್ಯುವುದನ್ನು ವರ್ಷಧಾರೆ ಅಂದರೆ ನಮ್ಮೂರ ಮಳೆಗೇ ಸಿಟ್ಟು ಬಂದೀತು.

ಇದೇ ಕುಮಟಾ ತಾಲೂಕಿನ ಗೋಕರ್ಣದಲ್ಲಿ 1955ರಲ್ಲಿ ಹುಟ್ಟಿದ ಕವಿ ಜಯಂತ ಕಾಯ್ಕಿಣಿಯವರ ಮನೆಮಾತು ಕೊಂಕಣಿ. ಆದರೂ 19ರ ವಯಸ್ಸಿಗೇ ಕನ್ನಡ ಕವನ ಸಂಕಲನಕ್ಕೆ ರಾಜ್ಯ ಸಾಹಿತ್ಯ ಅಕಾಡೆಮಿಯ ಬಹುಮಾನ! ನನಗೂ ಈಗ 19. ಆ ಪ್ರಬಂಧಕ್ಕೆ ಬಂದದ್ದು 20ಕ್ಕೆ 8.

ಅಮ್ಮ ಪೇಪರು ನೋಡಿ ‘ಎಂತಕ್ಕೆ ಇಷ್ಟು ಕಡಿಮೆ?’ ಎಂದಳು. ಯಾವ ಕನ್ನಡದಲ್ಲಿ ಉತ್ತರ ಕೊಡಲಿ ಎಂದು ಯೋಚಿಸುವಷ್ಟರಲ್ಲಿ, ಪುಣ್ಯಕ್ಕೆ, ಕರೆಂಟು ಹೋಯಿತು.