ಬಂದೂಕು ಮುಟ್ಟದ ಮೇಸ್ತ್ರಿ

ಮಗನ ಮನೆಗೆಂದು ಅಮೆರಿಕಕ್ಕೆ ಹೋದ ನಿವೃತ್ತ ಅಪ್ಪಂದಿರಿಗೆ ಅಲ್ಲಿರುವ ಉದ್ಯೋಗ ಎರಡೇ. ಮೊಮ್ಮಗುವನ್ನು ಸ್ಕೂಲ್ ಬಸ್ಸಿನ ತನಕ ಬಿಟ್ಟು ಬರುವುದು, ತೊಳೆದ ಪಾತ್ರೆಗಳನ್ನು ತಪ್ಪು ಕಪಾಟಿನಲ್ಲಿ ಜೋಡಿಸುವುದು. ಬೆಂಗಳೂರಿನ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ಕೂದಲು ನರೆಸಿಕೊಂಡ ನನಗೆ ಅದು ಸಾಲದು. ಪೆನ್ಸಿಲ್ವೇನಿಯಾದ ಆ ಮನೆಯಲ್ಲಿ ಕಿರುಗುಡುವ ಬಾಗಿಲುಗಳ ಬಾಯಿ ಮುಚ್ಚಿಸಿ, ಅಲುಗಾಡುವ ಹಿಡಿಗಳನ್ನೆಲ್ಲ ಬಿಗಿ ಮಾಡಿ, ಇನ್ನೇನು ಕೆಟ್ಟೀತು ಎಂದು ಆಸೆಯಿಂದ ಕಾಯುತ್ತಿದ್ದೆ.

ಅಷ್ಟರಲ್ಲಿ ಆಯುಧಪೂಜೆ ಬಂತು. ಕಾರಿಗೂ ಹುಲ್ಲು ಕತ್ತರಿಸುವ ಯಂತ್ರಕ್ಕೂ ಕುಂಕುಮ ಹಚ್ಚಿ, ಚಕ್ರದಡಿ ನಿಂಬೆಹಣ್ಣು ಅಪ್ಪಚ್ಚಿ ಮಾಡಿದೆವು. ಇದನ್ನೆಲ್ಲ ನೋಡುತ್ತ ನಿಂತಿದ್ದ ಪಕ್ಕದ ಮನೆಯ ಅಜ್ಜ ಏನು ವಿಶೇಷ ಎಂದು ಕೇಳಿದ. ಆಯುಧಗಳ ಹಬ್ಬ ಎಂದೆ. ಅವನ ಮುಖ ಅರಳಿತು. ಒಳಗೆ ಹೋಗಿ ನಿಜವಾದ ಆಯುಧವನ್ನೇ ಹಿಡಿದುಕೊಂಡು ಬಂದ.

ಅದು ರೆಮಿಂಗ್ಟನ್ 760, ಅವನಪ್ಪನದು. 1952ರಲ್ಲಿ ಮಾರುಕಟ್ಟೆಗೆ ಬಂದ ಈ ರೈಫಲ್ಲಿನಲ್ಲಿ ನಳಿಕೆಯ ಕೆಳಗಿನ ಮರದ ಹಿಡಿಯನ್ನು ಹಿಂದಕ್ಕೆ ಮುಂದಕ್ಕೆ ಎಳೆದರೆ ಮುಂದಿನ ಗುಂಡು ಸಿದ್ಧ. ಜಿಂಕೆ ಬೇಟೆಗೆ ತಾನಾಗಿ ಗುಂಡು ತುಂಬಿಕೊಳ್ಳುವ ರೈಫಲ್ ಆ ರಾಜ್ಯದಲ್ಲಿ ನಿಷಿದ್ಧವಾದ್ದರಿಂದ, ಕೈಯಲ್ಲೇ ಚುರುಕಾಗಿ ಎಳೆಯಬಹುದಾದ ಇದು ಮನೆಮಾತಾಯಿತು. ಕುದುರೆಗಾಡಿಯಲ್ಲೇ ಓಡಾಡುವ ಆಮಿಶ್ ಜನರ ಹೆಸರು ಸೇರಿಸಿ ಇದನ್ನು ‘ಆಮಿಶ್ ಮೆಷಿನ್‌ಗನ್’ ಎಂದು ತಮಾಷೆ ಮಾಡುತ್ತಾರೆ.

ಅಜ್ಜನ ಸಂಕಟ ಬಂದೂಕಿನದಲ್ಲ, ಅದರ ತಲೆಯ ಮೇಲಿದ್ದದ್ದರದು. ಟೆಕ್ಸಾಸಿನ ಎಲ್ ಪಾಸೋದಲ್ಲಿ ತಯಾರಾದ ಹಳೆಯ ವೀವರ್ ಕೆ-4 ದುರ್ಬೀನಿಗೆ ಮಂಜು ಕವಿದಿತ್ತು. ಮಗ ಹೊಸದು ತಂದುಕೊಟ್ಟಿದ್ದ. ಹೊಸದನ್ನು ಹಿಡಿದಿಡುವ ಬಳೆಗಳ ಅಡ್ಡಪಟ್ಟಿಯೋ ಸ್ವಲ್ಪ ದಪ್ಪ. ಬಂದೂಕಿನ ಮೇಲಿನ ಹಳೆಯ ಬೇಸಿನ ಕಿರಿದಾದ ಕಚ್ಚಿಗೆ ಇಳಿಯಲೊಲ್ಲದು. ಬೇಸನ್ನೇ ಬದಲಿಸೋಣವೆಂದರೆ ಅದರ ನಾಲ್ಕು ಸ್ಕ್ರೂ ಜಪ್ಪಯ್ಯ ಅಂದರೂ ಅಲುಗುತ್ತಿಲ್ಲ.

ನನ್ನ ಕೈ ಆಗಲೇ ಮುಂದೆ ಹೋಗಿತ್ತು. ಮಗ ಓಡಿ ಬಂದ. “ಅಪ್ಪಾ, ಮುಟ್ಟಬೇಡಿ! ವಿಸಿಟರ್ ವೀಸಾದಲ್ಲಿ ಬಂದವರ ಕೈಯಲ್ಲಿ ಬಂದೂಕು ಇರಬಾರದು!” ಕಾನೂನು ಹಾಗೇ ಇದೆ, ಬೇಟೆಯ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಉಂಟು. ಪುಳಿಯೋಗರೆ ತಿನ್ನುವ ನಾನು ಆ ಲೈಸೆನ್ಸಿಗೆ ಅರ್ಜಿ ಹಾಕಿದರೆ ಹಾಸನದ ನೆಂಟರಿಗೆ ಏನು ಉತ್ತರ ಹೇಳಲಿ? ಹಾಗಾಗಿ ಕೈ ಹಿಂದೆ ಕಟ್ಟಿಕೊಂಡು ಅಜ್ಜನ ಗ್ಯಾರೇಜಿನಲ್ಲಿ ಸ್ಟೂಲ್ ಹಾಕಿ ಕೂತೆ. ಕೈ ಆಡಿಸದೆ ಬಾಯಿಯಲ್ಲೇ ಕೆಲಸ ಮಾಡಿಸುವುದು ಸೂಪರ್‌ವೈಸರ್ ಆದ ಯಾವನಿಗೂ ಹೊಸದಲ್ಲ.

ಮ್ಯಾಗಜೀನ್ ಕಳಚಿಸಿ, ಚೇಂಬರಿಗೆ ಬೆರಳು ಹಾಕಿಸಿ, ಗುಂಡಿಲ್ಲವೆಂದು ಎರಡೆರಡು ಸಲ ಖಾತರಿಪಡಿಸಿಕೊಂಡೆ. ಆಮೇಲೆ ಅಜ್ಜನ ಸ್ಕ್ರೂಡ್ರೈವರ್ ನೋಡಿದೆ. ರೋಗ ಅಲ್ಲೇ ಇತ್ತು. ಸ್ಕ್ರೂ ತಲೆಯ ಸೀಳಿನ ಗೋಡೆಗಳು ನೆಟ್ಟಗಿರುತ್ತವೆ. ಮನೆಬಳಕೆಯ ಸ್ಕ್ರೂಡ್ರೈವರಿನ ಬಾಯಿ ಬೆಣೆಯ ಹಾಗೆ ತುದಿಗೆ ಹೋದಂತೆ ತೆಳ್ಳಗಾಗುತ್ತದೆ. ತಿರುಗಿಸಿದೊಡನೆ ಅದು ಸೀಳಿನಿಂದ ಮೇಲಕ್ಕೆ ಜಾರುತ್ತದೆ, ಜಾರುವಾಗ ಅಂಚನ್ನೂ ಕೆತ್ತಿಕೊಂಡು ಬರುತ್ತದೆ. ಜನ ತುಕ್ಕನ್ನು ಬೈಯುತ್ತಾರೆ. ನನ್ನನ್ನು ಕೇಳಿದರೆ ತುಕ್ಕಿಗಿಂತ ದೊಡ್ಡ ಪಾತಕಿ ಈ ಬೆಣೆಬಾಯಿ. ಅಜ್ಜನಿಂದ ಗ್ರೈಂಡರ್ ಹಾಕಿಸಿ, ಬಾಯಿಯ ಎರಡೂ ಮೈ ಸಮಾನಾಂತರವಾಗಿ ಸೀಳಿನ ತುಂಬ ಕೂರುವಂತೆ ಉಜ್ಜಿಸಿದೆ. ನಮ್ಮ ಕಾಲದಲ್ಲಾದರೆ ಸೀಮೆಎಣ್ಣೆ ಬಿಡುತ್ತಿದ್ದೆವು; ಅಜ್ಜನಲ್ಲಿ ಅದಕ್ಕೆಂದೇ ತುಕ್ಕು ಬಿಡಿಸುವ ಎಣ್ಣೆಯಿತ್ತು. ಸ್ಕ್ರೂಗೆ ಒಂದೊಂದೇ ಹನಿ ಬಿಡಿಸಿ, ಮರಕ್ಕೆ ಇಳಿಯದಂತೆ ಬಟ್ಟೆ ಸುತ್ತಿಸಿ, ನಾಳೆ ನೋಡೋಣ ಎಂದೆ. ಅಜ್ಜನಿಗೆ ತಡೆಯಲಾಗದು. ನಾಳೆ ಎಂದರೆ ನಾಳೆ.

ಮನೆಯಲ್ಲಿ ಹೆಂಡತಿಯ ಬೇರೆಯೇ ವಿಚಾರಣೆ ಕಾದಿತ್ತು. “ಏನ್ರೀ, ಜಿಂಕೆ ಕೊಲ್ಲೋರಿಗೆ ಸಹಾಯ ಮಾಡಿ ಯಾವ ನರಕಕ್ಕೆ ಹೋಗ್ತೀರಿ?” ನಾನು ಮನುಸ್ಮೃತಿಗೇ ಮೊರೆಹೊಕ್ಕೆ. ಪ್ರಾಣಿವಧೆಯ ಪಾಪಕ್ಕೆ ಅದು ಎಂಟು ಜನರನ್ನು ಹೊಣೆ ಮಾಡುತ್ತದೆ. ಒಪ್ಪಿಗೆ ಕೊಟ್ಟವನು, ಕಡಿದವನು, ಕೊಂದವನು, ಕೊಂಡವನು, ಮಾರಿದವನು, ಬೇಯಿಸಿದವನು, ಬಡಿಸಿದವನು, ತಿಂದವನು. ಸ್ಕ್ರೂ ಬಿಚ್ಚಿಸಿದವನ ಹೆಸರು ಅದರಲ್ಲಿಲ್ಲ. ಅವಳಿಗೆ ಸಮಾಧಾನವಾಗಲಿಲ್ಲ.

ಬೆಳಗಾಗುವಷ್ಟರಲ್ಲಿ ಅವಳು ಹಿತ್ತಲಲ್ಲಿ ಬೆಳೆಸಿದ್ದ ಅವರೆ ಬಳ್ಳಿಯನ್ನು ಜಿಂಕೆಗಳು ಬುಡದ ತನಕ ಮೇಯ್ದು ಹೋಗಿದ್ದವು. ಕಾಫಿ ಲೋಟ ಕುಕ್ಕಿ, “ಆಯ್ತೇನ್ರೀ ಆ ಸ್ಕ್ರೂ ಕೆಲಸ?” ಎಂದಳು. ಎಂಟರ ಪಟ್ಟಿಯಲ್ಲಿ ಮೊದಲನೆಯವರು ಯಾರೆಂದು ನಾನು ನೆನಪಿಸಲು ಹೋಗಲಿಲ್ಲ.

ಅವತ್ತು ಮೊದಲೆರಡು ಸ್ಕ್ರೂ ‘ಟಕ್’ ಎಂದು ಸದ್ದು ಮಾಡಿ ಸಡಿಲವಾದವು. ಆ ಸದ್ದಿನ ಸುಖ ಟೂಲ್‌ರೂಮಿನವರಿಗೇ ಗೊತ್ತು. ಮೂರನೆಯದಕ್ಕೆ ಯಾರೋ ಅಂಟು ಹಾಕಿ ಕೂರಿಸಿದ್ದರು. ಅಜ್ಜ ಗ್ಯಾಸ್ ಟಾರ್ಚ್ ಎತ್ತಿದ. ನಾನು ಕೂಗಿ ಇಳಿಸಿದೆ. ಬಂದೂಕಿನ ಮೈಗೆ ಆ ಪಾಟಿ ಬೆಂಕಿ ತೋರಿಸಿದರೆ ಉಕ್ಕಿನ ಹದವೇ ಕೆಟ್ಟೀತು. ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ನನ್ನು ಸ್ಕ್ರೂ ತಲೆಗಷ್ಟೇ ಒತ್ತಿಸಿದೆ. ಅಂಟು ಮೆತ್ತಗಾಗಿ ಕರಿಯ ಸಿಪ್ಪೆಯಾಗಿ ಎದ್ದು ಬಂತು. ನಾಲ್ಕನೆಯದರ ತಲೆ ಪೂರ್ತಿ ಸವೆದಿತ್ತು. ಅದಕ್ಕೆ ಎಡಗೈ ಡ್ರಿಲ್ ಬಿಟ್ ತರಿಸಿದೆ. ಉಲ್ಟಾ ತಿರುಗುತ್ತ ಕೊರೆಯುವ ಅದು ಅರ್ಧ ಕೊರೆಯುವಾಗಲೇ ಸ್ಕ್ರೂವನ್ನು ಕಚ್ಚಿ ಹೊರಕ್ಕೆ ತಿರುಗಿಸಿಕೊಂಡು ಬಂತು. ಅಜ್ಜ ಕುಣಿದೇಬಿಟ್ಟ.

ಹೊಸ ಸ್ಕ್ರೂಗಳದು 6-48 ಅಳತೆ, ಅಂದರೆ ಇಂಚಿಗೆ 48 ಮರೆ (ಥ್ರೆಡ್). ಬಂದೂಕಿನ ಅಂಗಡಿಯಾಚೆ ಅಪರೂಪದ ಮಾಲು. ನಮ್ಮ ಮಿಲಿಮೀಟರ್ ಸ್ಕ್ರೂ ಯಾವುದೂ ಅದಕ್ಕೆ ಹೊಂದದು. ರಂಧ್ರದ ಎಣ್ಣೆಯನ್ನು ಅಸಿಟೋನಿನಿಂದ ಒರೆಸಿ, ಟಾರ್ಕ್ ಡ್ರೈವರಿನಲ್ಲಿ 20 ಇಂಚ್-ಪೌಂಡಿನ ಆಸುಪಾಸು ಬಿಗಿ ಮಾಡಿಸಿದೆ.

ನವೆಂಬರ್ ಕೊನೆಯಲ್ಲಿ ಥ್ಯಾಂಕ್ಸ್‌ಗಿವಿಂಗ್ ನಂತರದ ಶನಿವಾರ ಅಲ್ಲಿ ಜಿಂಕೆಯ ರೈಫಲ್ ಬೇಟೆ ಶುರು. ಒಬ್ಬರನ್ನೊಬ್ಬರು ಹೊಡೆದುಕೊಳ್ಳದಂತೆ ತಲೆ, ಎದೆ, ಬೆನ್ನಿನ ಮೇಲೆ ಒಟ್ಟು 250 ಚದರ ಇಂಚು ಹೊಳೆಯುವ ಕಿತ್ತಳೆ ಬಣ್ಣ ಕಡ್ಡಾಯ. ವರ್ಷಕ್ಕೆ ನಾಲ್ಕು ಲಕ್ಷಕ್ಕೂ ಹೆಚ್ಚು ಜಿಂಕೆ ಉರುಳುವ ಆ ರಾಜ್ಯದಲ್ಲಿ ನಮ್ಮ ಅಜ್ಜ ಸಂಜೆ ಬರಿಗೈಯಲ್ಲಿ ಬಂದ. ದುರ್ಬೀನು ಕಲ್ಲಿನ ಹಾಗೆ ಕೂತಿತ್ತಂತೆ, ಜಿಂಕೆಯೇ ಬರಲಿಲ್ಲವಂತೆ. ಬರುವುದೆಲ್ಲಿ, ಅವೆಲ್ಲ ನಮ್ಮ ಹಿತ್ತಲಲ್ಲಿದ್ದವು.

ನಿಮ್ಮ ಮನೆಯ ಡ್ರಾಯರಿನಲ್ಲೂ ಬಾಯಿ ಸವೆದ ಸ್ಕ್ರೂಡ್ರೈವರ್ ಒಂದು ಇದ್ದೇ ಇರುತ್ತದೆ. ಪೇಂಟ್ ಡಬ್ಬಿಯ ಮುಚ್ಚಳ ಎಬ್ಬಿಸಲು ಅದನ್ನು ಇಟ್ಟುಕೊಳ್ಳಿ. ಸ್ಕ್ರೂಗೆ ಮಾತ್ರ ದಯವಿಟ್ಟು ಬೇರೆಯದು ಕೊಳ್ಳಿ.