ಸಂಜೆ ಐದೂವರೆಯೊಳಗೆ ನಾಗರಿಕತೆ

ರೋಮ್ ನಗರಕ್ಕೆ ಬಂದರು ಇಲ್ಲ. ಹಿಂದೆ ಇದ್ದ ಆಸ್ಟಿಯಾ ಬಂದರು ಹೂಳು ತುಂಬಿಕೊಂಡು ಎಷ್ಟೋ ಶತಮಾನಗಳಾದವು. ಆದರೂ ಮೆಡಿಟರೇನಿಯನ್ ಕ್ರೂಸ್‌ನ ಬಣ್ಣಬಣ್ಣದ ಕಿರುಹೊತ್ತಗೆ ತೆರೆದು ನೋಡಿ, ಮೂರನೇ ದಿನ ಬೆಳಿಗ್ಗೆ ಏಳಕ್ಕೆ ಹಡಗು ರೋಮ್ ತಲುಪಿಯೇ ಬಿಡುತ್ತದೆ. ಕೆಳಗೆ, ಕನ್ನಡಕ ಹಾಕಿಕೊಂಡವರಿಗೂ ಕಾಣದ ಅಕ್ಷರದಲ್ಲಿ, ಚಿವಿಟಾವೆಕ್ಕಿಯಾ ಎಂದಿರುತ್ತದೆ. ಟ್ರಾಜನ್ ಚಕ್ರವರ್ತಿ ಎರಡನೇ ಶತಮಾನದ ಆರಂಭದಲ್ಲಿ ಕಟ್ಟಿಸಿದ ಬಂದರು ಅದು. ರೋಮ್‌ಗೂ ಅದಕ್ಕೂ ಎಪ್ಪತ್ತು-ಎಂಬತ್ತು ಕಿಲೋಮೀಟರ್ ಅಂತರ. ಮರುದಿನ ಅದೇ ಹಡಗು ಫ್ಲಾರೆನ್ಸನ್ನೂ ಮುಟ್ಟುತ್ತದೆ. ಅಂದರೆ ಲಿವೊರ್ನೊ ಎಂಬ ಊರನ್ನು ಮುಟ್ಟುತ್ತದೆ. ಫ್ಲಾರೆನ್ಸ್ ಅಲ್ಲಿಂದ ಸುಮಾರು ತೊಂಬತ್ತು ಕಿಲೋಮೀಟರ್ ಒಳನಾಡಿನಲ್ಲಿದೆ. ಈ ಲೆಕ್ಕ ಹಿಡಿದರೆ ನಮ್ಮ ಧರ್ಮಸ್ಥಳವೂ ಬಂದರೇ. ಪಣಂಬೂರಿನಲ್ಲಿ ಲಂಗರು ಹಾಕಿ, ಮಂಜುನಾಥನ ಪಾದದ ಬಳಿಯೇ ಇಳಿದೆವು ಎಂದುಕೊಂಡರಾಯಿತು.

ಏಳಕ್ಕೆ ಬಂದ ಹಡಗಿನಿಂದ ಐದು ಸಾವಿರ ಜನ ಇಳಿಯಬೇಕು. ಎದೆಗೆ ಅಂಟಿಸಿದ ನಂಬರಿನ ಸ್ಟಿಕ್ಕರ್ ಪ್ರಕಾರ ಬಸ್ಸು ಹತ್ತಬೇಕು. ಬಸ್ಸು ಒಂದೂವರೆ ಗಂಟೆ ಓಡಿ ರೋಮ್ ಸೇರಬೇಕು. ಸಂಜೆ ಐದೂವರೆಗೆ ಎಲ್ಲರೂ ಹಡಗಿನಲ್ಲಿರಬೇಕಾದ್ದರಿಂದ ಮೂರೂವರೆಗೆ ವಾಪಸ್ ಬಸ್ಸು. ನಡುವೆ ಊಟ, ಶೌಚಾಲಯ, ಕಳೆದುಹೋದ ಶರ್ಮಾಜಿಯನ್ನು ಹುಡುಕುವುದು. ಉಳಿದದ್ದರಲ್ಲಿ ಸಾಮ್ರಾಜ್ಯ. ಕೊಲೋಸಿಯಂ ಅನ್ನು ಹೊರಗಿನಿಂದ, ಟ್ರೆವಿ ಕಾರಂಜಿಯನ್ನು ಇನ್ನೊಬ್ಬರ ತಲೆಯ ಮೇಲಿನಿಂದ, ಸೇಂಟ್ ಪೀಟರ್ಸ್ ಚರ್ಚನ್ನು ಸರದಿಯ ಬಾಲದಿಂದ ದರ್ಶನ ಮಾಡಿ ವಾಪಸ್. ಕಾರಂಜಿಗೆ ನಾಣ್ಯ ಎಸೆದರೆ ಮತ್ತೆ ರೋಮ್‌ಗೆ ಬರುವ ಯೋಗ ಕೂಡಿಬರುತ್ತದೆಂದು ನಂಬಿಕೆ. ಈ ಸಲ ಬಂದದ್ದೇ ಬಂದ ಹಾಗಾಗದವರು ನಾಣ್ಯ ಎಸೆಯುವುದು ನ್ಯಾಯವೇ.

ಐದೂವರೆ ಎಂದರೆ ಐದೂವರೆ. ಕಂಪನಿಯ ಬಸ್ಸು ತಡವಾದರೆ ಹಡಗು ಕಾಯುತ್ತದೆ, ನೀವೇ ಅಗ್ಗದ ರೈಲು ಹಿಡಿದು ಹೋಗಿ ತಡವಾದರೆ ಕಾಯುವುದಿಲ್ಲ. ಬಂದರಿನ ಕಟ್ಟೆಯ ಮೇಲೆ ಚೀಲ ಹಿಡಿದು ಎದ್ದುಬಿದ್ದು ಓಡಿಬರುವವರನ್ನು ಬಾಲ್ಕನಿಗಳಲ್ಲಿ ನಿಂತವರು ಚಪ್ಪಾಳೆ ತಟ್ಟಿ ಹುರಿದುಂಬಿಸುವುದು ಕ್ರೂಸ್‌ನ ಅಧಿಕೃತವಲ್ಲದ ಮನರಂಜನೆ. ಇದೇ ರೋಮ್‌ನಲ್ಲಿ ಹಿಂದೆ ಗ್ಯಾಲರಿಯಲ್ಲಿ ಕೂತವರು ಇಂಥದ್ದನ್ನೇ ನೋಡುತ್ತಿದ್ದರು; ಸಿಂಹಗಳು ಮಾತ್ರ ಈಗಿಲ್ಲ.

ಈ ಉದ್ಯಮದ ವಂಶಾವಳಿಯೂ ಮಜವಾಗಿದೆ. 1844ರಲ್ಲಿ ಪಿ ಅಂಡ್ ಓ ಕಂಪನಿ ಇಂಗ್ಲೆಂಡಿನಿಂದ ಮೆಡಿಟರೇನಿಯನ್ನಿಗೆ ವಿಹಾರದ ಹಡಗು ಓಡಿಸಲು ಹೊರಟಾಗ ಕಾದಂಬರಿಕಾರ ಥ್ಯಾಕರೆಗೆ ಪುಕ್ಕಟೆ ಟಿಕೆಟ್ ಕೊಟ್ಟಿತು. ಆತ ಹೋಗಿ ಬಂದು ಪುಸ್ತಕ ಬರೆದ. ಪುಕ್ಕಟೆ ಕೋಣೆ ಪಡೆದು ರೀಲ್ಸ್ ಮಾಡುವ ಇಂದಿನ ಇನ್‌ಫ್ಲುಯೆನ್ಸರ್‌ಗಳು ಆತನ ಫೋಟೋಕ್ಕೆ ಹಾರ ಹಾಕಬೇಕು. 1867ರಲ್ಲಿ ಮಾರ್ಕ್ ಟ್ವೇನ್ ‘ಕ್ವೇಕರ್ ಸಿಟಿ’ ಹಡಗಿನಲ್ಲಿ ಅಮೆರಿಕದಿಂದ ಇದೇ ಸಮುದ್ರಕ್ಕೆ ಬಂದ. ಅಥೆನ್ಸಿನ ಪಿರೇಯಸ್ ಬಂದರಿನಲ್ಲಿ ಕ್ವಾರಂಟೈನ್ ಹೇರಿ ಯಾರೂ ಇಳಿಯಕೂಡದೆಂದರು. ಟ್ವೇನ್ ಮತ್ತು ಮೂವರು ಸಂಗಡಿಗರು ರಾತ್ರಿ ಕದ್ದು ದೋಣಿಯಲ್ಲಿ ದಡ ಸೇರಿ, ದಾರಿಯುದ್ದಕ್ಕೂ ದ್ರಾಕ್ಷಿ ಕದ್ದು ತಿನ್ನುತ್ತ ನಡೆದು ಅಕ್ರೊಪೊಲಿಸ್ ಹತ್ತಿದರು. ಸಿಕ್ಕಿಬಿದ್ದರೆ ಜೈಲು. ಇವತ್ತು ಯಾರೂ ತಡೆಯುವುದಿಲ್ಲ. 2023ರಿಂದ ದಿನಕ್ಕೆ 20,000 ಜನರ ಮಿತಿ, ಗಂಟೆಗೊಂದು ಸರದಿ, ಅಷ್ಟೇ. ಆದರೂ ಪಿರೇಯಸ್‌ನಲ್ಲಿ ಹಡಗು ನಿಂತಾಗ ಡೆಕ್ಕಿನ ಈಜುಕೊಳದ ಸುತ್ತ ಕುರ್ಚಿಗಳು ಭರ್ತಿಯಾಗಿಯೇ ಇರುತ್ತವೆ. ಕ್ವಾರಂಟೈನ್ ಈಗ ಸ್ವಯಂಪ್ರೇರಿತ.

ನಮ್ಮವರ ಪ್ರಯಾಣ ಶುರುವಾಗುವುದು ಬೆಂಗಳೂರಿನ ವೀಸಾ ಕೇಂದ್ರದಿಂದ. 2024ರ ಜೂನ್‌ನಿಂದ ಷೆಂಗೆನ್ ವೀಸಾಕ್ಕೆ 90 ಯೂರೋ, ಕೊಡದೆ ಹೋದರೂ ಹಣ ವಾಪಸಿಲ್ಲ. ನಡುವೆ ಟರ್ಕಿಯ ಬಂದರಿದ್ದರೆ ಇನ್ನೊಂದು ತೊಡಕು. ಟರ್ಕಿಗೆ ಹೋಗಿ ಮರಳಿ ಗ್ರೀಸಿಗೆ ಬರಬೇಕಾದ್ದರಿಂದ ಷೆಂಗೆನ್ ವೀಸಾ ಹಲವು ಪ್ರವೇಶದ್ದೇ ಆಗಬೇಕು. ಐಟಿ ರಿಟರ್ನ್ಸ್, ಬ್ಯಾಂಕ್ ಸ್ಟೇಟ್‌ಮೆಂಟ್, ಮನೆಪತ್ರ ಎಲ್ಲ ಹೊತ್ತುಕೊಂಡು ಹೋಗಿ ನಾವು ಯುರೋಪಿನಲ್ಲೇ ಉಳಿದುಬಿಡುವುದಿಲ್ಲ ಎಂದು ಪ್ರಮಾಣ ಮಾಡಬೇಕು. ಕ್ರೂಸ್‌ನವರಿಗೆ ಈ ಪ್ರಶ್ನೆ ಕೇಳುವುದೇ ಅನ್ಯಾಯ. ಅವರು ಯುರೋಪಿನಲ್ಲಿ ಸಂಜೆ ಕಾಫಿಯವರೆಗೂ ಉಳಿಯುವುದಿಲ್ಲ.

ಸಮುದ್ರ ದಾಟಿದರೆ ಜಾತಿ ಕೆಡುತ್ತದೆಂದು ಅಜ್ಜಂದಿರು ಹೆದರುತ್ತಿದ್ದರು. ಈಗ ಆ ಭಯವಿಲ್ಲ, ಏನೂ ಕೆಡದಂತೆ ಏರ್ಪಾಡಾಗಿದೆ. ಟೂರಿನವರು ಜೈನ್ ಊಟ, ಬೇರೆ ಸೌಟು, ಬೆಳಿಗ್ಗೆ ಉಪ್ಪಿಟ್ಟು ಎಂದು ಮೊದಲೇ ಮಾತಾಡಿಕೊಂಡಿರುತ್ತಾರೆ. ನೇಪಲ್ಸ್ ತಲುಪುವ ಹೊತ್ತಿಗೆ ಉಪ್ಪಿನಕಾಯಿ ಬಾಟಲಿ ಮೇಜಿನಿಂದ ಮೇಜಿಗೆ ಹೋಗುತ್ತಿರುತ್ತದೆ. ಪಿಜ್ಜಾ ಹುಟ್ಟಿದ ಊರು ಕಿಟಕಿಯಾಚೆ, ಚಪಾತಿ-ಪಲ್ಯ ಕಿಟಕಿಯೀಚೆ. ರಾತ್ರಿ ಅಂತ್ಯಾಕ್ಷರಿ. ಹಡಗಿನೊಳಗೆ ಜಾರುಬಂಡೆ, ಕ್ಯಾಸಿನೊ, ಮಾಲ್, ಹಿಮದ ಮೇಲೆ ಜಾರುವ ಅಂಗಳ. ಅಗ್ಗದ ಒಳಕೋಣೆ ಹಿಡಿದವರಿಗೆ ಕಿಟಕಿಯೂ ಇಲ್ಲ. ವಾರಗಟ್ಟಲೆ ಸಮುದ್ರದ ಮೇಲಿದ್ದು ಸಮುದ್ರವನ್ನೇ ನೋಡದೆ ಬರುವ ಸೌಲಭ್ಯ ಕೊಲಂಬಸ್‌ಗೂ ಇರಲಿಲ್ಲ.

ಇನ್ನು ಪಾನೀಯದ ಪ್ಯಾಕೇಜು. ಒಂದು ಕೋಣೆಯಲ್ಲಿ ಒಬ್ಬರು ಮದ್ಯದ ಪ್ಯಾಕೇಜ್ ಕೊಂಡರೆ ಇನ್ನೊಬ್ಬ ವಯಸ್ಕರೂ ಕೊಳ್ಳಲೇಬೇಕೆಂಬ ನಿಯಮ ಅನೇಕ ಹಡಗುಗಳಲ್ಲಿದೆ. ಏಕಾದಶಿ ಮಾಡುವ ಹೆಂಡತಿಯೂ ಗಂಡನ ಲೆಕ್ಕಕ್ಕೆ ಸರಿದೂಗಬೇಕು. ಗ್ರೀಕರಿಗೂ ನಮಗೂ ಈ ವಿಷಯದಲ್ಲಿ ಹಳೆಯ ನಂಟಿದೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕಿದ ಎರಡನೇ ಶತಮಾನದ ಪ್ಯಾಪಿರಸ್‌ನಲ್ಲಿ ಗ್ರೀಕ್ ಪ್ರಹಸನವೊಂದಿದೆ. ಭಾರತದ ಕರಾವಳಿಯಲ್ಲಿ ಸೆರೆಯಾದ ಗ್ರೀಕ್ ಹುಡುಗಿಯನ್ನು ಬಿಡಿಸಲು ಅವಳ ಕಡೆಯವರು ಇಲ್ಲಿನ ರಾಜನಿಗೆ ನೀರು ಬೆರೆಸದ ದ್ರಾಕ್ಷಾರಸ ಕುಡಿಸಿ, ಅವನು ಉರುಳಿಬಿದ್ದ ಮೇಲೆ ಹಡಗು ಬಿಟ್ಟು ಹೋಗುತ್ತಾರೆ. ಅದರಲ್ಲಿ ಸ್ಥಳೀಯರಾಡುವ ಮಾತು ಕನ್ನಡವೇ ಎಂದು ಶಾಮಶಾಸ್ತ್ರಿಗಳಂಥ ಪಂಡಿತರು ವಾದಿಸಿದರು, ಒಪ್ಪದವರೂ ಇದ್ದಾರೆ. ಭಾಷೆ ಯಾವುದೇ ಇರಲಿ, ಕುಡಿಸಿ ಕೆಲಸ ಮುಗಿಸುವ ತಂತ್ರ ಮಾತ್ರ ಹದಿನೆಂಟು ಶತಮಾನ ದಾಟಿ ಬಂದಿದೆ.

ಸಾಂಟೊರಿನಿಯಲ್ಲಿ ಸ್ವಲ್ಪ ನಿಲ್ಲೋಣ, ಯಾಕೆಂದರೆ ಎಲ್ಲರೂ ಹೋಗುವುದೇ ಅಲ್ಲಿಗೆ. ಸುಮಾರು 3,600 ವರ್ಷಗಳ ಹಿಂದೆ ಜ್ವಾಲಾಮುಖಿ ಸಿಡಿದು ನಡುಭಾಗವೇ ಕುಸಿದು ಸಮುದ್ರ ನುಗ್ಗಿದ ದ್ವೀಪ. ಬಂಡೆಯ ನೆತ್ತಿಯ ಮೇಲೆ ಬಿಳಿ ಮನೆ, ಕೆಳಗೆ ಆಳ ನೀರು. ದೊಡ್ಡ ಹಡಗು ಕಟ್ಟಿನಿಲ್ಲಿಸಲು ಅಲ್ಲಿ ಕಟ್ಟೆಯಿಲ್ಲ. ಸಣ್ಣ ದೋಣಿಗಳಲ್ಲಿ ಜನರನ್ನು ಹಳೆಯ ಬಂದರಿಗೆ ಸುರಿಯುತ್ತಾರೆ. ಅಲ್ಲಿಂದ ಫೀರಾ ಪಟ್ಟಣ ಹತ್ತಲು ಮೂರು ದಾರಿ: ಕೇಬಲ್ ಕಾರ್, ಐನೂರೆಂಬತ್ತಕ್ಕೂ ಹೆಚ್ಚು ಮೆಟ್ಟಿಲು, ಅಥವಾ ಕತ್ತೆ. ಕೇಬಲ್ ಕಾರಿನ ಸರದಿ ನೋಡಿದವರು ಮೆಟ್ಟಿಲ ಕಡೆ ತಿರುಗುತ್ತಾರೆ, ಮೆಟ್ಟಿಲ ಮೇಲಿನ ಲದ್ದಿ ನೋಡಿ ಕತ್ತೆಯ ಕಡೆ ತಿರುಗುತ್ತಾರೆ. ಕತ್ತೆ ಯಾರ ಕಡೆಯೂ ತಿರುಗುವುದಿಲ್ಲ. 2018ರಲ್ಲಿ ಗ್ರೀಕ್ ಸರ್ಕಾರ ಅದಕ್ಕೊಂದು ನಿಯಮ ಮಾಡಿತು: ನೂರು ಕಿಲೋ, ಅಥವಾ ಕತ್ತೆಯ ತೂಕದ ಐದನೇ ಒಂದು ಪಾಲು ಮೀರಿದ ಭಾರ ಹೇರಬಾರದು. ಹಡಗಿನ ಬಫೆಯಲ್ಲಿ ಐದು ದಿನ ದುಡಿದು ಬಂದವರು ಈ ಗಣಿತವನ್ನು ಕತ್ತೆಯ ಮುಂದೆ ನಿಂತು ಮಾಡುವುದು ಬೇಡ. ಅದಕ್ಕೆ ಉತ್ತರ ಮೊದಲೇ ಗೊತ್ತು.

ದ್ವೀಪದಲ್ಲಿ ವಾಸವಿರುವವರು ಸುಮಾರು ಹದಿನೈದು ಸಾವಿರ ಚಿಲ್ಲರೆ. 2024ರ ಜುಲೈನಲ್ಲಿ ಒಂದೇ ದಿನ 11,000 ಹಡಗು ಪ್ರವಾಸಿಗರು ಇಳಿಯಲಿದ್ದಾರೆಂದು ತಿಳಿದು ಸ್ಥಳೀಯ ಆಡಳಿತದವರೊಬ್ಬರು ಫೇಸ್‌ಬುಕ್‌ನಲ್ಲಿ ಮನವಿ ಮಾಡಿದರು: ಊರಿನ ಜನ ಆದಷ್ಟು ಓಡಾಟ ಕಡಿಮೆ ಮಾಡಿ. ಪ್ರವಾಸಿಗರಿಗಲ್ಲ, ಊರಿನವರಿಗೆ! ಬೈಗುಳ ಬಿದ್ದ ಮೇಲೆ ಬರಹ ಮಾಯವಾಯಿತು. ನೆಂಟರು ಬರುತ್ತಾರೆ, ಮನೆಯವರು ಮಂಚದಡಿ ಸೇರಿಕೊಳ್ಳಿ ಎನ್ನುವ ಆತಿಥ್ಯ ನಮ್ಮ ‘ಅತಿಥಿ ದೇವೋ ಭವ’ ಇಲಾಖೆಗೂ ಹೊಳೆದಿಲ್ಲ.

ಇನ್ನು ಉಳಿದ ಊರುಗಳ ಸಂಗತಿ. ವೆನಿಸ್‌ನಲ್ಲಿ 2019ರ ಜೂನ್‌ನಲ್ಲಿ ದೊಡ್ಡ ಕ್ರೂಸ್ ಹಡಗೊಂದು ಹಿಡಿತ ತಪ್ಪಿ ಕಟ್ಟೆಗೂ ಪ್ರವಾಸಿ ದೋಣಿಗೂ ಗುದ್ದಿತು. 2021ರ ಆಗಸ್ಟ್‌ನಿಂದ ಜುಡೆಕ್ಕಾ ಕಾಲುವೆಗೆ ದೊಡ್ಡ ಹಡಗು ನಿಷಿದ್ಧ. ಈಗ ‘ವೆನಿಸ್’ ಎಂದು ಇಳಿಯುವವರು ಮಾರ್ಘೆರಾದ ಕೈಗಾರಿಕಾ ಬಂದರನ್ನೋ ಇನ್ನೂ ದೂರದ ರವೆನ್ನಾ, ಟ್ರಿಯೆಸ್ಟೆಯನ್ನೋ ನೋಡಿ ಧನ್ಯರಾಗುತ್ತಾರೆ. ಬಾರ್ಸಿಲೋನಾದಲ್ಲಿ 2024ರ ಬೇಸಿಗೆಯಲ್ಲಿ ಪ್ರತಿಭಟನಕಾರರು ಹೋಟೆಲಿನ ಹೊರಗೆ ಕೂತ ಪ್ರವಾಸಿಗರ ಮೇಲೆ ಆಟಿಕೆ ಪಿಸ್ತೂಲಿನಿಂದ ನೀರು ಚಿಮ್ಮಿಸಿದರು. ಎಲ್ಲಕ್ಕಿಂತ ಬುದ್ಧಿವಂತ ಬಂದರು ಟರ್ಕಿಯ ಎಫೆಸಸ್. ಒಂದು ಕಾಲಕ್ಕೆ ಹಡಗುಗಳು ಅದರ ಬೀದಿಯ ಬುಡಕ್ಕೇ ಬರುತ್ತಿದ್ದವು. ನದಿಯ ಹೂಳು ತುಂಬಿ ಸಮುದ್ರ ಕಿಲೋಮೀಟರುಗಟ್ಟಲೆ ಹಿಂದೆ ಸರಿಯಿತು. ಆದರೂ ಕುಶಾದಾಸಿಯಲ್ಲಿ ಇಳಿಸಿ, ಬಸ್ಸು ಹತ್ತಿಸಿ, ಬಿಡದೆ ಕರೆದೊಯ್ಯುತ್ತಾರೆ. ಸೆಲ್ಸಸ್ ಗ್ರಂಥಾಲಯದ ಮುಂದೆ ಇಪ್ಪತ್ತು ನಿಮಿಷ, ರತ್ನಗಂಬಳಿಯ ಅಂಗಡಿಯಲ್ಲಿ ಒಂದು ಗಂಟೆ, ಆ್ಯಪಲ್ ಟೀ ಉಚಿತ. ಇದೇ ಊರಿನಲ್ಲಿ ಆರ್ಟೆಮಿಸ್ ದೇವಿಯ ಬೆಳ್ಳಿಯ ಪುಟ್ಟ ಗುಡಿಗಳನ್ನು ಮಾರುತ್ತಿದ್ದ ಕುಶಲಕರ್ಮಿಗಳು, ಸಂತ ಪೌಲನ ಉಪದೇಶದಿಂದ ವ್ಯಾಪಾರ ಕೆಡುತ್ತದೆಂದು ದಂಗೆ ಎದ್ದ ಕಥೆ ಬೈಬಲಿನಲ್ಲಿದೆ. ಗೈಡ್ ಅದನ್ನು ಹೇಳುವುದಿಲ್ಲ. ಕಮಿಷನ್ ಬರುವುದು ಗಂಬಳಿಯಿಂದ.

ಹಡಗಿನಲ್ಲಿ ನಿಜಕ್ಕೂ ನೋಡಬೇಕಾದವರು ಬಡಿಸುವವರು. ಹಡಗಿನ ಹಿಂಬದಿಯಲ್ಲಿ ನಸ್ಸಾವ್ ಎಂದೋ ಪನಾಮಾ ಎಂದೋ ಬರೆದಿರುತ್ತದೆ. ಕಂಪನಿಯ ಕಚೇರಿ ಬೇರೆ ದೇಶದಲ್ಲಿ, ಪ್ರಯಾಣಿಕರು ಮತ್ತೊಂದು ದೇಶದವರು, ಬಾವುಟ ಮಾತ್ರ ತೆರಿಗೆಯೂ ಕಾರ್ಮಿಕ ಕಾನೂನೂ ಸಡಿಲವಾದ ಕಡೆಯದು. ಅಂತರರಾಷ್ಟ್ರೀಯ ಕಡಲ ಕಾರ್ಮಿಕ ಒಪ್ಪಂದ ಹಡಗಿನ ನೌಕರನಿಗೆ ಕೊಡುವ ದೊಡ್ಡ ರಕ್ಷಣೆ ಎಂದರೆ ದಿನಕ್ಕೆ 14 ಗಂಟೆ, ವಾರಕ್ಕೆ 72 ಗಂಟೆ ಮೀರಿ ದುಡಿಸಬಾರದು ಎಂಬುದು. ತಿಂಗಳುಗಟ್ಟಲೆ ಕರಾರು, ವಾರದ ರಜೆ ಎಂಬುದಿಲ್ಲ. ಗೋವಾದವರು, ಮುಂಬೈಯವರು, ನಮ್ಮ ಕರಾವಳಿಯವರು ಈ ಕೆಲಸದಲ್ಲಿ ಬೇಕಾದಷ್ಟಿದ್ದಾರೆ. ಕನ್ನಡ ಕಿವಿಗೆ ಬಿದ್ದ ಕೂಡಲೇ ಮೇಜಿನಲ್ಲಿ ಮಾತು ಹೀಗೆ ನಡೆಯುತ್ತದೆ:

“ಯಾವೂರಪ್ಪ ನಿಂದು?”

“ಮೂಡುಬಿದಿರೆ ಹತ್ರ, ಮೇಡಂ.”

“ಅದೃಷ್ಟವಂತ ಬಿಡು! ವಾರವಾರ ರೋಮ್ ನೋಡ್ತೀಯ.”

“ಬಂದರು ನೋಡ್ತೇನೆ ಮೇಡಂ. ಅನ್ನ ಇನ್ನು ಸ್ವಲ್ಪ ತರ್ಲಾ?”

ಕೊನೆಯ ಸಂಜೆ ಇದೇ ಮೇಡಂ ಮತ್ತು ಸಾಹೇಬರು ಸ್ವಾಗತ ಕೌಂಟರಿನ ಸರದಿಯಲ್ಲಿ ಸಿಗುತ್ತಾರೆ. ಬಿಲ್ಲಿನಲ್ಲಿ ತಾನಾಗಿ ಸೇರಿಕೊಂಡ ದಿನದ ಟಿಪ್ಸ್ ತೆಗೆಸಿಹಾಕಲು. ಕ್ಯಾಸಿನೊದಲ್ಲಿ ಕಳೆದದ್ದನ್ನು ಎಲ್ಲಿಂದಾದರೂ ಹೊಂದಿಸಬೇಕಲ್ಲ.

ಇದನ್ನೆಲ್ಲ ಓದಿ ಬಿಳಿಯರ ಚಟ ಎಂದು ನಗುವಂತಿಲ್ಲ. ಆ ಹುಡುಗನ ಊರಿಗೂ ಕ್ರೂಸ್ ಬರುತ್ತದೆ. ನವಮಂಗಳೂರು ಬಂದರಿನಲ್ಲಿ ವಿದೇಶಿ ಹಡಗು ನಿಂತರೆ ಯಕ್ಷಗಾನದ ವೇಷದ ಸ್ವಾಗತ. ಬಸ್ಸಿನಲ್ಲಿ ಕಾರ್ಕಳದ ಗೊಮ್ಮಟ, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕುದ್ರೋಳಿ ದೇವಸ್ಥಾನ, ಗೇರುಬೀಜದ ಕಾರ್ಖಾನೆ. 1432ರಿಂದ ನಿಂತಿರುವ ಬಾಹುಬಲಿಗೆ ಕಾಲು ಗಂಟೆ, ಗೇರುಬೀಜದ ಸಿಪ್ಪೆ ಸುಲಿಯುವುದಕ್ಕೆ ಅರ್ಧ ಗಂಟೆ. ಸಂಜೆಗೆ ಅವರು ಇಂಡಿಯಾ ನೋಡಿ ಮುಗಿಸಿರುತ್ತಾರೆ. ಅವರ ಪಾಲಿನ ಭಾರತದಲ್ಲಿ ಬೆಂಗಳೂರಿಲ್ಲ, ನೀವಿಲ್ಲ, ನಾನಂತೂ ಇಲ್ಲವೇ ಇಲ್ಲ. ಒಂದು ಪ್ಯಾಕೆಟ್ ಗೇರುಬೀಜ ಮಾತ್ರ ಇದೆ.

ಪಿರೇಯಸ್‌ನಿಂದ ಸಾಂಟೊರಿನಿಗೆ ಊರಿನ ಜನ ಓಡಾಡುವ ಸಾಮಾನ್ಯ ಫೆರ್ರಿ ಇದೆ. ನಿಧಾನದ್ದಾದರೆ ಏಳೆಂಟು ಗಂಟೆ. ಜಾರುಬಂಡೆಯಿಲ್ಲ, ಉಪ್ಪಿಟ್ಟಿಲ್ಲ, ಇಳಿದ ಮೇಲೆ ಯಾರೂ ಸ್ಟಿಕ್ಕರ್ ಅಂಟಿಸುವುದಿಲ್ಲ. ಅದಕ್ಕೇ ನಮ್ಮ ಟೂರಿನವರು ಅದರ ಹೆಸರೆತ್ತುವುದಿಲ್ಲ. ಗ್ರೀಕ್ ಸರ್ಕಾರ ಮಾತ್ರ 2025ರ ಜುಲೈನಿಂದ ಒಂದು ಕೆಲಸ ಮಾಡಿದೆ: ಬೇಸಿಗೆಯ ತಿಂಗಳುಗಳಲ್ಲಿ ಕ್ರೂಸ್ ಹಡಗಿನಿಂದ ಸಾಂಟೊರಿನಿ ಅಥವಾ ಮಿಕೊನೊಸ್‌ನಲ್ಲಿ ಕೆಳಗಿಳಿಯುವ ಪ್ರತಿಯೊಬ್ಬರಿಗೂ 20 ಯೂರೋ ಶುಲ್ಕ. ಇಳಿಯದೆ ಹಡಗಿನಲ್ಲೇ ಕೂತು ಉಣ್ಣುವವರಿಗೆ ಏನೂ ಇಲ್ಲ. ಯಾರು ತನ್ನ ದೇಶಕ್ಕೆ ಬಂದವರು, ಯಾರು ಬರಲಿಲ್ಲ ಎಂಬುದನ್ನು ಅದು ಸರಿಯಾಗಿಯೇ ವಿಂಗಡಿಸಿದೆ. ಹಾಗಾಗಿ ನಿಮ್ಮ ಬಡಾವಣೆಯಲ್ಲಿ ಯಾರಾದರೂ “ಗ್ರೀಸ್ ಮುಗಿಸಿ ಬಂದ್ವಿ” ಎಂದರೆ ಫೋಟೋ ತೋರಿಸಿ ಎನ್ನಬೇಡಿ, ಸಾವಿರದಷ್ಟಿರುತ್ತವೆ. ಹಡಗಿನ ಬಿಲ್ಲು ಕೇಳಿ. ಆ 20 ಯೂರೋ ಇದೆಯೇ ನೋಡಿ.